ಮಾವನ ಹೊಲಕ್ಕೆ ನುಗ್ಗಿದವರು

ನಮ್ಮ ಅಡುಗೆಮನೆಯ ಮಿಕ್ಸಿಗೆ ಒಂದು ಗೌನು ಇದೆ. ನೇರಳೆ ಬಣ್ಣದ ಹಳೇ ಸೀರೆಯಲ್ಲಿ ಹೊಲಿದದ್ದು, ಕೆಳಗೆ ಸುತ್ತಲೂ ನೆರಿಗೆ, ಕುತ್ತಿಗೆಯ ಹತ್ತಿರ ಒಂದು ಲಾಡಿ. ಮೊನ್ನೆ ಮನೆಗೆ ಬಂದ ಗೆಳತಿ ಅದನ್ನು ನೋಡಿ, "ಇದೇನೇ, ಮಿಕ್ಸಿಗೆ ಅದರ ಅಕ್ಕನ ಲಂಗ ತೊಡಿಸಿದ್ದೀಯ" ಎಂದು ನಕ್ಕಳು. ಅವಳು ತಮಾಷೆಗೆ ಅಂದದ್ದು ನಿಜವೇ ಆಗಿತ್ತು. ಆ ಗೌನು ಮೊದಲು ನಮ್ಮ ಮನೆಯ ಕಂಪ್ಯೂಟರಿನದು. ಆ ಕಂಪ್ಯೂಟರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಅತ್ತೆಯ ಕೈಹೊಲಿಗೆ ಮಾತ್ರ ಇನ್ನೂ ಗಟ್ಟಿಯಾಗಿದೆ.

ಆಗ ನಾನು ರಾಮನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಪ್ರಶ್ನೆಪತ್ರಿಕೆಗಳನ್ನು ಇನ್ನು ಮೇಲೆ ಟೈಪ್ ಮಾಡಿಯೇ ಕೊಡಬೇಕು ಎಂದು ಹೆಡ್‌ಮಾಸ್ಟರು ಹೇಳಿದ್ದೇ ನೆಪವಾಗಿ ನಮ್ಮ ಮನೆಗೆ ಕಂಪ್ಯೂಟರ್ ಬಂತು. ನಮ್ಮ ಮನೆಯವರು ಬಿಡದಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸದಲ್ಲಿದ್ದರು. ಆಟೋದಲ್ಲಿ ಆ ದಪ್ಪ ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಣಂತಿಯನ್ನು ಆಸ್ಪತ್ರೆಯಿಂದ ಕರೆತರುವ ಹಾಗೆ "ನಿಧಾನ, ನಿಧಾನ" ಎನ್ನುತ್ತ ಬಂದರು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಆರತಿ ಎತ್ತಿದರು, ಅದರ ಹಣೆ ಎಲ್ಲಿದೆ ಎಂದು ಹುಡುಕಿ ಕುಂಕುಮ ಇಟ್ಟರು. ಮನೆಯಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ. ಬಲ್ಲವಳು ಎಂದರೆ, ಬೇಸಿಗೆ ರಜೆಯಲ್ಲಿ ಒಂದು ಕೋರ್ಸು ಮಾಡಿ, ಪರದೆಯ ಮೇಲೆ ಒಂದು ಗುಡ್ಡ, ಒಂದು ಸೂರ್ಯ, ಒಂದು ಗುಡಿಸಲು ಬರೆಯಲು ಕಲಿತು ಸರ್ಟಿಫಿಕೇಟು ತಂದವಳು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ನಾನು ನಮ್ಮ ಮನೆಯ ಕಂಪ್ಯೂಟರ್ ಪಂಡಿತೆಯಾದೆ.

ಇನ್ನು ನಮ್ಮ ಮಾವನ ವಿಷಯ ಹೇಳಬೇಕು. ಬೈರಮಂಗಲದ ಕೆರೆಯಿಂದ ಈಚೆಗೆ ಅವರಿಗೆ ಹೊಲವಿತ್ತು. ಹಿಪ್ಪುನೇರಳೆ, ರಾಗಿ, ಬದುವಿನ ಮೇಲೆ ಅವರೆ. ಕೈಗಾರಿಕೆಗೆ ಎಂದು ಊರಿನ ಆ ಬದಿಯ ಜಮೀನೆಲ್ಲ ಹೋದಾಗ ಅವರದೂ ಹೋಯಿತು. ಯಾರೂ ಮೋಸ ಮಾಡಲಿಲ್ಲ, ಕೊಡಬೇಕಾದ್ದನ್ನು ಕೊಟ್ಟರು, ರಾಮನಗರದಲ್ಲಿ ನಮಗೊಂದು ಮನೆಯಾಯಿತು, ಮೊಸಾಯಿಕ್ ನೆಲವಾಯಿತು. ಮಾವನಿಗೆ ಮಾತ್ರ ಬೆಳಿಗ್ಗೆ ಎದ್ದರೆ ಹೋಗುವುದಕ್ಕೆ ಜಾಗವಿಲ್ಲದಂತಾಯಿತು.

ಮೊದಮೊದಲು ಅವರು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಯಾರದೋ ಗೂಡಿನ ರಾಶಿಯಿಂದ ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳ ಚೆನ್ನಾಗಿ ಬಲಿತಿದೆಯೇ ಎಂದು ಕೇಳಿಸಿಕೊಂಡು ಮತ್ತೆ ಇಟ್ಟುಬಿಡುವುದು. ಒಂದು ದಿನ ಯಾರೋ, "ಯಜಮಾನ್ರೇ, ನಿಮ್ ಗೂಡು ಯಾವ್ದು?" ಎಂದು ಕೇಳಿದರಂತೆ. ಅಷ್ಟೇ, ಮಾರನೆಯ ದಿನದಿಂದ ಅತ್ತ ಹೋಗಲಿಲ್ಲ. ಕೈಬಿಟ್ಟ ಹೊಲದ ಕಡೆಗಂತೂ ಅವರು ತಲೆಯನ್ನೇ ಹಾಕಿರಲಿಲ್ಲ. ಊರಿನಲ್ಲಿ ಮದುವೆಯೋ ತಿಥಿಯೋ ಇದ್ದರೆ ಸುತ್ತು ಬಳಸಿ, ಆ ಜಾಗ ಕಣ್ಣಿಗೆ ಬೀಳದ ದಾರಿಯಲ್ಲಿ ಹೋಗಿ ಬರುತ್ತಿದ್ದರು. ಮನೆಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದರು. ಊಟ ಮಾಡಿ ಎಂದರೆ ಮಾಡುತ್ತಿದ್ದರು, ಮಲಗಿ ಎಂದರೆ ಮಲಗುತ್ತಿದ್ದರು. ಮಾತನ್ನು ಅವರ ಬಾಯಿಂದ ಕೀಳಬೇಕಾಗಿತ್ತು.

ಇಂಥ ದಿನಗಳಲ್ಲಿ ಒಂದು ಭಾನುವಾರ, ನಾನು ಇಂಟರ್ನೆಟ್ಟಿನಲ್ಲಿ ಆಕಾಶದಿಂದ ತೆಗೆದ ಊರುಗಳ ಚಿತ್ರವನ್ನು ನಮ್ಮ ಮನೆಯವರಿಗೆ ತೋರಿಸುತ್ತಿದ್ದೆ. ರಾಮನಗರದ ಬಂಡೆಗಳು, ರೈಲುಕಂಬಿ, ಬಿಡದಿ ಸ್ಟೇಷನ್ನು, ಅಲ್ಲಿಂದ ಜರುಗಿಸುತ್ತ ಹೋದರೆ ಕೆರೆ. ನಮಗೆ ಅದೆಲ್ಲ ಹಸಿರು ಕಂದು ತೇಪೆ, ಅಷ್ಟೇ. ಹಿಂದೆ ನಿಂತಿದ್ದ ಮಾವ ಬಗ್ಗಿ, ಪರದೆಯನ್ನು ಮುಟ್ಟದೆ ಬೆರಳು ತೋರಿಸಿದರು.

"ಅಗೋ, ಅದು ನಮ್ ಹೊಲ."

ನೋಡಿದರೆ ಹೌದು. ಕಾಲುವೆ ತಿರುಗುವ ಜಾಗ, ದುಂಡು ಚುಕ್ಕೆಯಂಥ ಬಾವಿ, ಹಿಪ್ಪುನೇರಳೆಯ ಸಾಲುಗಳು. ನಮ್ಮ ಮನೆಯವರು ಮೆಲ್ಲಗೆ, "ಅಪ್ಪ, ಇದು ಹಳೇ ಫೋಟೋ. ಈಗ ಅಲ್ಲಿ ಹಿಂಗಿಲ್ಲ" ಎಂದರು.

"ಗೊತ್ತು ಕಣ್ಲಾ," ಎಂದರು ಮಾವ. "ಇರ್ಲಿ, ಒಸಿ ನೋಡ್ತೀನಿ."

ಅಂದಿನಿಂದ ಅದೊಂದು ನಿತ್ಯದ ಕೆಲಸವಾಯಿತು. ಇಂಟರ್ನೆಟ್ ತೆರೆದರೆ ಮೊದಲು ಬರುವ ಪುಟವನ್ನೇ ನಾನು ಹೊಲದ ಪುಟ ಮಾಡಿಟ್ಟೆ. ಮೌಸು ಹಿಡಿಯುವುದನ್ನು ಹೇಳಿಕೊಟ್ಟೆ. ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದ ಹಾಗೆ ಮಾವ ಕೈಕಾಲು ತೊಳೆದು ಬಂದು, "ಒಸಿ ಹೊಲದ ತಾವ್ಕೆ ಹೋಗ್ಬತ್ತೀನಿ" ಎಂದು ಕುರ್ಚಿಯ ಮೇಲೆ ಕೂರುತ್ತಿದ್ದರು. ಚಿತ್ರ ಒಂದೇ ಸಲಕ್ಕೆ ಬರುತ್ತಿರಲಿಲ್ಲ, ಚೌಕ ಚೌಕವಾಗಿ ಬರುತ್ತಿತ್ತು. ಮೊದಲು ಕಾಲುವೆ, ಆಮೇಲೆ ಅರ್ಧ ಬಾವಿ. ಅವರಿಗೆ ಅವಸರವಿರಲಿಲ್ಲ. ಒಂದೊಂದು ಬದುವಿನ ಮೇಲೂ ಬಾಣದ ಗುರುತನ್ನು ನಡೆಸಿಕೊಂಡು ಹೋಗುವರು. ಊಟದ ಹೊತ್ತಿಗೆ ಅತ್ತೆ ಅಡುಗೆಮನೆಯಿಂದಲೇ "ಹೊಲದಿಂದ ಬಂದ್ರಾ? ಮುದ್ದೆ ಆರೋಯ್ತದೆ" ಎಂದು ಕೂಗುವರು. ಬಂದು ಕೂತರೆ ಮಾತು ಶುರು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು, ಯಾವ ವರ್ಷ ಯಾವ ಸಾಲು ಒಣಗಿತ್ತು. ಗೋಡೆ ನೋಡುತ್ತಿದ್ದ ಮನುಷ್ಯ ತುತ್ತಿನ ನಡುವೆ ನಗುತ್ತಿದ್ದರು. ಇದಕ್ಕಿಂತ ಹೆಚ್ಚಿಗೆ ಆ ಕಂಪ್ಯೂಟರಿನಿಂದ ನನಗೆ ಏನೂ ಬೇಕಾಗಿರಲಿಲ್ಲ.

ಸ್ವಲ್ಪ ದಿನದ ಮೇಲೆ, "ಹೊಲದ ಮೇಲೆ ಮಳೆ ಅದಾ ಅಂತ ನೋಡಾಕಾಯ್ತದಾ?" ಎಂದರು. ಇಲ್ಲದ ಹೊಲಕ್ಕೆ ಮಳೆ ಯಾಕೆ ಎಂದು ಕೇಳುವಷ್ಟು ಬುದ್ಧಿವಂತಿಕೆ ಪುಣ್ಯಕ್ಕೆ ನನಗೆ ಬರಲಿಲ್ಲ. ಮೋಡಗಳ ಚಿತ್ರ ತೋರಿಸುವ ಒಂದು ಪುಟ ಹುಡುಕಿಕೊಟ್ಟೆ. ಆ ಪುಟದಲ್ಲಿ ಮೋಡದ ಜೊತೆಗೆ ಮಿಣಮಿಣ ಮಿನುಗುವ ಪೆಟ್ಟಿಗೆಗಳೂ ಇದ್ದವು. ಆಗಾಗ ಒಂದೊಂದು ಪೆಟ್ಟಿಗೆ ಎದ್ದು ಬಂದು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಮಾವನಿಗೆ ಇಂಗ್ಲಿಷ್ ಬಾರದು. ನಾನು ಪಾತ್ರೆ ತೊಳೆಯುವ ಅವಸರದಲ್ಲಿ, "ಎಡಗಡೆಯದು ಹೂಂ, ಬಲಗಡೆಯದು ಇಲ್ಲ, ಮಾವ. ಯಾವುದಾದರೂ ಒಂದು ಒತ್ತಿದರೆ ಹೋಗುತ್ತೆ" ಎಂದು ಹೇಳಿ ಮುಗಿಸಿದ್ದೆ.

ಆಮೇಲೆ ಒಂದು ಸಂಜೆ. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ನಡುಮನೆಯಲ್ಲಿ ಕುರ್ಚಿ ಸದ್ದಾಯಿತು. ಹೋಗಿ ನೋಡಿದರೆ ಮಾವ ಇಲ್ಲ, ಮಾನಿಟರಿನ ಮೇಲೆ ಅವರ ಹೆಗಲ ಟವೆಲು ಮುಸುಕಿದೆ. ನನ್ನ ಹಿಂದೆಯೇ ಬಂದ ಅತ್ತೆ ಇದೇನು ಎಂದು ಟವೆಲು ಎತ್ತಿದರು. ಹೊಲ ಇರಬೇಕಾದ ಜಾಗದಲ್ಲಿ ಕೆಂಪು ಹಳದಿ ಬಣ್ಣದ ಒಂದು ಪುಟ. ಲಾಟರಿ ಚಕ್ರ ತಿರುಗುತ್ತಿತ್ತು. ಅದರ ಎರಡೂ ಕಡೆ, ಬಟ್ಟೆಯ ವಿಷಯದಲ್ಲಿ ಬಹಳ ಜಿಪುಣತನ ತೋರಿಸಿದ ಇಬ್ಬರು ಹೆಂಗಸರು.

"ಶಿವನೇ," ಎಂದು ಅತ್ತೆ ಟವೆಲನ್ನು ಮತ್ತೆ ಹೊದಿಸಿದರು.

ಸೊಸೆಯಾದವಳು ಅತ್ತೆಯ ಪಕ್ಕ ನಿಂತು ಅಂಥ ಚಿತ್ರ ನೋಡುವ ಮುಜುಗರ ಏನು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಅತ್ತೆ ಯೋಚಿಸುವುದು ನನಗೆ ಕಾಣುತ್ತಲೇ ಇತ್ತು. ಮಗ ಶಿಫ್ಟಿನಲ್ಲಿದ್ದಾನೆ. ಸೊಸೆ ಮೇಷ್ಟ್ರಮ್ಮ. ಉಳಿದವರು ಯಾರು? ಅವರು ಹೊರಗೆ ಹೋಗಿ, ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಗಂಡನನ್ನು ಕೇಳಿಯೇಬಿಟ್ಟರು.

"ಏನ್ರೀ ಅದು, ಈ ವಯಸ್ಸಲ್ಲಿ?"

ಮಾವ ತಿರುಗಲಿಲ್ಲ. "ಹೊಲದಾಗೆ ಯಾರೋ ಸೇರ್ಕಂಡವ್ರೆ ಕಣೇ," ಎಂದರು. ಆ ರಾತ್ರಿ ಅವರು ಊಟಕ್ಕೆ ಬರಲಿಲ್ಲ.

ಮಾರನೆಯ ದಿನ ಅವರು ಕುರ್ಚಿಯ ಹತ್ತಿರ ಸುಳಿಯಲಿಲ್ಲ. ನಾನು ಮೊದಲ ಪುಟವನ್ನು ಸರಿಮಾಡಿ, "ಬನ್ನಿ ಮಾವ, ಹೊಲ ಬಂದಿದೆ" ಎಂದು ಕರೆದೆ. ಬಂದರು. ಸರಿಹೋಯಿತೆಂದು ತೋರಿಸಲು ನಾನು ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಮತ್ತೆ ಅದೇ ಚಕ್ರ, ಅದೇ ಹೆಂಗಸರು. ಮಾವ ನೆಲ ನೋಡಿಕೊಂಡು ಎದ್ದುಹೋದರು. ಆಮೇಲೆ ಕರೆಯುವುದಕ್ಕೆ ನನಗೇ ಧೈರ್ಯ ಬರಲಿಲ್ಲ. ಮತ್ತೆ ಗೋಡೆ, ಮತ್ತೆ ಮೌನ. ಅತ್ತೆ ತಟ್ಟೆಯನ್ನು ಅವರ ಮುಂದೆ ಸದ್ದಾಗುವಂತೆ ಇಡುತ್ತಿದ್ದರು. ತಾನು ಏನೋ ಕೆಟ್ಟದ್ದನ್ನು ಮುಟ್ಟಿಬಿಟ್ಟೆ, ಮುದಿ ವಯಸ್ಸಿನಲ್ಲಿ ಸೊಸೆಯ ಮುಂದೆ ಮಾನ ಹೋಯಿತು ಎಂದು ಮಾವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅವರನ್ನು ಆ ಕುರ್ಚಿಗೆ ಮತ್ತೆ ಕರೆದು ಕೂರಿಸದಿದ್ದರೆ ಈ ಮನುಷ್ಯ ನಮಗೆ ಸಿಗುವುದಿಲ್ಲ ಎಂದು ನನಗೆ ನಿಜವಾಗಿ ಭಯವಾಯಿತು.

ನಮ್ಮ ಮನೆಯವರು, "ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಹೊಡಿಸಿಬಿಡೋಣ" ಎಂದರು. ಅಂಗಡಿಯವನ ಮಗಳು ನನ್ನ ತರಗತಿಯಲ್ಲೇ ಇದ್ದಳು. ಗಣಿತದ ಮೇಡಮ್ಮಿನ ಮನೆಯ ಕಂಪ್ಯೂಟರ್ ತೆರೆದರೆ ಏನು ಬರುತ್ತದೆ ಎಂಬುದು ಮಾರ್ಕೆಟ್ಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ಹರಡಲು ಎಷ್ಟು ಹೊತ್ತು ಬೇಕು? ಅತ್ತೆಯೂ ನಾನೂ ಎಂದೂ ಇಲ್ಲದ ಒಗ್ಗಟ್ಟಿನಿಂದ ಬೇಡ ಎಂದೆವು. ಇನ್ನು ಪಂಡಿತೆಯೇ ಕೈಹಾಕಬೇಕಾಯಿತು.

ಸ್ಕೂಲಿನ ಕಂಪ್ಯೂಟರಿನಲ್ಲಿ ಕೂತು, ಇಂಥದ್ದೇ ಕಷ್ಟಕ್ಕೆ ಸಿಕ್ಕಿದವರು ಬರೆದದ್ದನ್ನೆಲ್ಲ ಓದಿದೆ. ಜಗತ್ತಿನ ತುಂಬ ಎಷ್ಟು ಜನರ ಮನೆಗೆ ಇವರು ನುಗ್ಗಿದ್ದಾರೆ ಎಂದು ತಿಳಿದು ಸಮಾಧಾನವೇ ಆಯಿತು. ಮನೆಗೆ ಬಂದು, ಓದಿದ ಪ್ರಕಾರ ನಮ್ಮ ಕಂಪ್ಯೂಟರಿನಲ್ಲಿ ಯಾರು ಯಾರು ಸೇರಿಕೊಂಡಿದ್ದಾರೆ ಎಂಬ ಪ್ರೋಗ್ರಾಮುಗಳ ಪಟ್ಟಿ ತೆಗೆದರೆ ನಾನು ಕರೆಯದ ನೆಂಟರೇ ಅರ್ಧ. ಹುಡುಕಲು ಸಹಾಯ ಮಾಡುವೆ ಎನ್ನುವವನೊಬ್ಬ, ವೇಗ ಹೆಚ್ಚಿಸುವೆ ಎನ್ನುವವನೊಬ್ಬ, ಮೌಸಿನ ಬಾಣಕ್ಕೆ ಚಿಟ್ಟೆ ಕಟ್ಟಿಕೊಡುವೆ ಎನ್ನುವವನು ಇನ್ನೊಬ್ಬ. ಇವರೆಲ್ಲ ತಾವಾಗಿ ಬರುವವರಲ್ಲ, ಬಾಗಿಲಲ್ಲಿ ನಿಂತು ಕೇಳಿಯೇ ಒಳಗೆ ಬರುವವರು. ಹಾಗಾದರೆ ಬನ್ನಿ ಎಂದವರು ಯಾರು?

ಮಾವನ ಹತ್ತಿರ ಹೋಗಿ, ಎಷ್ಟು ಸಾಧ್ಯವೋ ಅಷ್ಟು ಮೆತ್ತಗೆ ಕೇಳಿದೆ. "ಮಾವ, ಆ ಪೆಟ್ಟಿಗೆಗಳು ಎದ್ದು ಬಂದಾಗ ನೀವು ಯಾವುದನ್ನು ಒತ್ತುತ್ತಿದ್ದಿರಿ?"

"ಎಡಗಡೇದು."

"ಯಾವಾಗಲೂ?"

ಮಾವ ನನ್ನನ್ನು ಆಶ್ಚರ್ಯದಿಂದ ನೋಡಿದರು. "ಇನ್ನೇನವ್ವಾ? ದೀಪ ಹಚ್ಚಿರೋ ಹೊತ್ನಾಗೆ ಬಾಗ್ಲಿಗೆ ಬಂದು ಕೇಳ್ದೋರ್ಗೆ ಇಲ್ಲ ಅನ್ನದು ಹೆಂಗೆ?"

ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ, ಚನ್ನಪಟ್ಟಣದ ನನ್ನ ಅಜ್ಜಿ ನೆನಪಾದಳು. ನಮ್ಮ ತವರಿನ ಬೀದಿಯಲ್ಲಿ ಮನೆಮನೆಗೂ ಗೊಂಬೆ ಕಡೆಯುವವರು, ಸಂಜೆಯಾದರೆ ಮರದ ಹೊಟ್ಟು, ಅರಗಿನ ವಾಸನೆ, ದೀಪದ ಎಣ್ಣೆಯ ವಾಸನೆ ಎಲ್ಲ ಒಂದಾಗಿರುತ್ತಿತ್ತು. ದೀಪ ಹಚ್ಚಿದ ಮೇಲೆ ಅಜ್ಜಿಯ ಬಾಯಲ್ಲಿ "ಇಲ್ಲ" ಎಂಬ ಮಾತು ಬರುವಂತಿರಲಿಲ್ಲ. ಅಕ್ಕಿ ಮುಗಿದಿದ್ದರೆ "ಅಕ್ಕಿ ತುಂಬೈತೆ" ಎನ್ನಬೇಕು, ನಾವು ಖಾಲಿ ಡಬ್ಬ ನೋಡಿ ಅರ್ಥ ಮಾಡಿಕೊಳ್ಳಬೇಕು. ಕಷ್ಟವೆಂದರೆ, ಅದೇ ಹೊತ್ತಿನಲ್ಲಿ ಮನೆಯ ಉಪ್ಪನ್ನು ಹೊರಗೆ ಕೊಡುವಂತೆಯೂ ಇರಲಿಲ್ಲ. ಪಕ್ಕದ ಮನೆಯವಳು ಸಂಜೆ ಉಪ್ಪು ಕೇಳಲು ಬಂದರೆ ಅಜ್ಜಿ ಕೊಡುತ್ತಲೂ ಇರಲಿಲ್ಲ, ಇಲ್ಲ ಎನ್ನುತ್ತಲೂ ಇರಲಿಲ್ಲ. "ಬಾರೇ, ನಿಮ್ಮತ್ತೆ ಹೆಂಗವ್ಳೆ?" ಎಂದು ಕೂರಿಸಿಕೊಳ್ಳುತ್ತಿದ್ದಳು. ಅತ್ತೆಯ ಸುದ್ದಿ ಬಂದ ಮೇಲೆ ಉಪ್ಪು ಯಾರಿಗೆ ನೆನಪಿರುತ್ತದೆ? ಆಕೆ ಮನಸ್ಸು ಹಗುರ ಮಾಡಿಕೊಂಡು ಬರಿಗೈಯಲ್ಲಿ ಹೋಗುತ್ತಿದ್ದಳು. ಆ ಮನೆಯ ಸಾರು ಆ ದಿನ ಹೇಗಿತ್ತೋ ಗೊತ್ತಿಲ್ಲ. ಇಷ್ಟು ಜಾಣತನ ಮಾವನಿಗೆ ಇರಲಿಲ್ಲ, ಅವರು ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದರು.

ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆಯ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸೆರಗು ತಿರುವಿ, "ನಾನೇ ಅಂದಿದ್ದು," ಎಂದರು. "ಒಂದಿನ ಏನೋ ಕೇಳ್ತಾ ಐತೆ, ಏನ್ ಒತ್ಲಿ ಅಂದ್ರು. ದೀಪ ಉರೀತಾ ಐತೆ, ಹೂಂ ಅನ್ನಿ ಅಂತ ನಾನೇ ಅಡ್ಗೆಮನೆಯಿಂದ ಕೂಗ್ದೆ."

"ಮತ್ತೆ ಅವತ್ತು ನನ್ನ ಅಷ್ಟೊಂದು ಬೈದೆ," ಎಂದರು ಮಾವ.

"ಆ ಹೆಂಗಸ್ರೂ ಬತ್ತಾರೆ ಅಂತ ನಂಗೇನ್ ಕನಸು ಬಿದ್ದಿತ್ತಾ?"

ಅವತ್ತು ಮಾವ ಹೊಟ್ಟೆ ತುಂಬ ಉಂಡರು. ಗಂಡನ ಮೇಲಿನ ಅನುಮಾನ ಕಳೆದ ಸಂತೋಷಕ್ಕೆ ಅತ್ತೆ ಮುದ್ದೆಯ ಮೇಲೆ ತುಪ್ಪ ಹಾಕಿದರು. ಆದರೂ ಮಾವ ಕುರ್ಚಿಗೆ ಬರಲಿಲ್ಲ. "ಮೊದ್ಲು ಅವ್ರು ಹೋಗ್ಲಿ ಕಣವ್ವಾ, ಆಮ್ಯಾಕೆ ಬತ್ತೀನಿ," ಎಂದರು.

ಹೊರಹಾಕುವ ಕೆಲಸಕ್ಕೆ ಅತ್ತೆಯೇ ಮುಹೂರ್ತ ಇಟ್ಟರು. ಇಲ್ಲ ಎನ್ನಬೇಕಾದ ಕೆಲಸವಾದ್ದರಿಂದ ಹಗಲಿನಲ್ಲೇ ಆಗಬೇಕು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದು ಕೂತೆ. ಪಕ್ಕದಲ್ಲಿ ಅತ್ತೆ, ಸ್ವಲ್ಪ ದೂರದಲ್ಲಿ, ಪರದೆ ಕಾಣದ ಹಾಗೆ ಮಾವ. ಒಬ್ಬೊಬ್ಬರನ್ನೇ ತೆಗೆಯುತ್ತ ಹೋದೆ. ಹೋಗೆಂದರೆ ಹೋಗುವವರೇ ಅವರು? ಬಾಣಕ್ಕೆ ಚಿಟ್ಟೆ ಕಟ್ಟುವವನು, ನಿಜವಾಗಿಯೂ ನನ್ನನ್ನು ಕಳಿಸುತ್ತೀರಾ ಎಂದು ಕೇಳಿದ. ಹುಡುಕಿಕೊಡುವವನು ಅಳುವ ಮುಖದ ಚಿತ್ರ ತೋರಿಸಿದ. ನಾನು ಓದಿ ಹೇಳಿದೆ. ಅತ್ತೆಗೆ ಪಾಪ ಅನ್ನಿಸಿತು. "ಅಳ್ತಾ ಐತಾ? ಹೋಗ್ಲಿ, ಅದೊಂದ್ ಇರ್ಲಿ ಬುಡು," ಎಂದರು. ದೂರದಿಂದ ಮಾವ, "ಬ್ಯಾಡ," ಎಂದರು. ಅವರು ಅಷ್ಟು ಖಚಿತವಾಗಿ ಮಾತಾಡಿ ಬಹಳ ಕಾಲವಾಗಿತ್ತು.

ಎಲ್ಲ ತೆಗೆದು, ಆರಿಸಿ ಹಚ್ಚಿದರೆ ಚಕ್ರ ಮತ್ತೆ ತಿರುಗಿತು. ನನಗೆ ಅಳು ಬರುವುದೊಂದು ಬಾಕಿ.

"ಗರಿಕೆ ಇದ್ದಂಗೈತೆ," ಎಂದರು ಮಾವ. "ಬೇರು ಎಲ್ಲೋ ಉಳ್ಕಂಡೈತೆ."

ಮತ್ತೆ ಓದಿದೆ, ಮತ್ತೆ ಹುಡುಕಿದೆ. ಕಂಪ್ಯೂಟರ್ ಎಚ್ಚರವಾಗುವಾಗಲೇ ತಾನೂ ಎದ್ದು, ಮೊದಲ ಪುಟವನ್ನು ಬದಲಿಸಿ ಸುಮ್ಮನಾಗುವ ಒಬ್ಬ ಬೇರೊಂದು ಸಾಧು ಹೆಸರಿಟ್ಟುಕೊಂಡು ಅಡಗಿದ್ದ. ಇಂಟರ್ನೆಟ್ ತೆರೆಯಲು ಒತ್ತುವ ಗುರುತಿನ ಬಾಲಕ್ಕೂ ಆ ಲಾಟರಿ ಪುಟದ ವಿಳಾಸ ಅಂಟಿಸಿದ್ದ. ಎರಡನ್ನೂ ಕಿತ್ತೆ. ಕಂಪ್ಯೂಟರನ್ನು ಮತ್ತೆ ಆರಿಸಿ ಹಚ್ಚಿದೆ. ಬಿಳಿಯ ಖಾಲಿ ಪುಟ ಬಂತು. ಖಾಲಿ ಪುಟ ನೋಡಿ ಅಷ್ಟು ಸಂತೋಷಪಟ್ಟ ಗಣಿತದ ಟೀಚರು ಇನ್ನೊಬ್ಬಳು ಇರಲಾರಳು.

"ಬನ್ನಿ ಮಾವ, ಎಲ್ಲರೂ ಹೋದರು," ಎಂದೆ. ಹೊಲದ ಪುಟವನ್ನು ಮತ್ತೆ ಮೊದಲ ಪುಟ ಮಾಡಿ ತೆರೆದೆ. ಮಾವ ಬಂದು ಕುರ್ಚಿಯಲ್ಲಿ ಕೂತರು, ಕೈಯನ್ನು ಪಂಚೆಗೆ ಒರೆಸಿಕೊಂಡು ಮೌಸು ಹಿಡಿದರು.

ಚೌಕಗಳು ಬರತೊಡಗಿದವು. ಕಾಲುವೆ ಬಂತು. ಅದರ ಪಕ್ಕದಲ್ಲಿ ಮೊದಲು ಇಲ್ಲದ ಒಂದು ಕಪ್ಪು ರಸ್ತೆ ಬಂತು. ಆಮೇಲೆ ಉದ್ದನೆಯ ಬಿಳಿ ಚಾವಣಿ, ಒಂದು ಚೌಕದಲ್ಲಿ ಮುಗಿಯದೆ ಪಕ್ಕದ ಚೌಕಕ್ಕೂ, ಅದರ ಪಕ್ಕದ್ದಕ್ಕೂ ಚಾಚಿಕೊಂಡಿತು. ಸಾಲಾಗಿ ನಿಂತ ಲಾರಿಗಳು. ಹಿಪ್ಪುನೇರಳೆಯ ಸಾಲು ಎಲ್ಲಿಯೂ ಇರಲಿಲ್ಲ. ನಾವು ಕಳ್ಳರನ್ನು ಓಡಿಸುವುದರಲ್ಲಿ ಮುಳುಗಿದ್ದಾಗ ಆಕಾಶದವರು ಚಿತ್ರವನ್ನು ಹೊಸದು ಮಾಡಿಬಿಟ್ಟಿದ್ದರು.

ನನಗೆ ಆ ಲಾಟರಿ ಚಕ್ರವೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮೌಸಿಗೆ ಕೈ ಚಾಚುತ್ತ, "ಪೂರ್ತಿ ಹೋಗಿಲ್ಲ ಅನ್ನಿಸುತ್ತೆ ಮಾವ, ಇನ್ನೂ ತಪ್ಪು ಪುಟ ತೋರಿಸ್ತಿದೆ. ನಾಳೆ ನೋಡೋಣ," ಎಂದೆ.

ಮಾವ ಕೈ ತೆಗೆಯಲಿಲ್ಲ. ಬಾಣದ ಗುರುತನ್ನು ಕಾಲುವೆಯ ತಿರುವಿನಿಂದ ನಿಧಾನವಾಗಿ ನಡೆಸಿಕೊಂಡು ಹೋಗಿ, ಚಾವಣಿಯ ನಡುವೆ ಒಂದು ಕಡೆ ನಿಲ್ಲಿಸಿದರು.

"ಸರಿಯಾಗೇ ತೋರುಸ್ತಾ ಐತೆ ಕಣವ್ವಾ," ಎಂದರು. "ಬಾವಿ ಇಲ್ಲಿ ಬತ್ತದೆ."

ಅತ್ತೆ ಅವರ ಹೆಗಲ ಮೇಲೆ ಕೈಯಿಟ್ಟರು. ಮದುವೆಯಾಗಿ ಬಂದಂದಿನಿಂದ ನನ್ನ ಎದುರಿಗೆ ಅವರು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

ಮಾರನೆಯ ಬೆಳಿಗ್ಗೆ ಮಾವ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಚಪ್ಪಲಿ ಮೆಟ್ಟಿಕೊಂಡರು. ಎಲ್ಲಿಗೆ ಎಂದು ನಾವು ಕೇಳಲಿಲ್ಲ. ಬಿಡದಿಯ ಬಸ್ಸು ಹತ್ತಿದರು ಎಂದು ಬೀದಿಯವರು ಹೇಳಿದರು. ನಮ್ಮ ಮನೆಯವರು ಹಿಂದೆಯೇ ಹೊರಟರು, ಅತ್ತೆ ತಡೆದರು. ಮಧ್ಯಾಹ್ನದವರೆಗೂ ನಾವು ಯಾರೂ ಒಂದು ಕಡೆ ಕೂರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಂದರು. ಮುಖ ಬಾಡಿತ್ತು, ಪಂಚೆಯ ಅಂಚಿಗೆಲ್ಲ ಕೆಂಪು ಧೂಳು. ಅತ್ತೆ ನೀರು ಕೊಟ್ಟು, ಅವರು ಕುಡಿಯುವವರೆಗೂ ಕಾದು ಕೇಳಿದರು.

"ನೋಡುದ್ರಾ?"

"ಗೇಟ್ ತಂಕ ಹೋಗಿದ್ದೆ. ಯಾರ್ ಬೇಕಾಗಿತ್ತು ಅಂದ, ಅಲ್ಲಿ ನಿಂತಿದ್ದೋನು. ಯಾರೂ ಬ್ಯಾಡಪ್ಪಾ, ಒಸಿ ಒಳೀಕೆ ನೋಡ್ಕಂಡು ಹೋಯ್ತೀನಿ ಅಂದೆ. ಆಗಾಕಿಲ್ಲ ಅಂದ."

ಅತ್ತೆಗೆ ಸಿಟ್ಟು ಬಂತು. "ನಿಮ್ಮುನ್ನೇ ಬುಡ್ನಿಲ್ವಾ? ಇದು ನಂದೇ ಹೊಲ ಆಗಿತ್ತು ಅಂತ ಹೇಳ್ಬಾರ್ದಾಗಿತ್ತಾ?"

"ಹೇಳುದ್ರೆ ಪಾಪ ಬುಟ್ಬುಡ್ತಿದ್ನೇನೋ. ಅದ್ಕೇ ಹೇಳ್ನಿಲ್ಲ." ಮಾವ ಲೋಟವನ್ನು ಪಕ್ಕಕ್ಕಿಟ್ಟರು. "ಒಳ್ಳೆ ಮನ್ಸ ಕಣೇ. ಗುರ್ತಿಲ್ದೋರ್ನ ಒಳೀಕೆ ಬುಡ್ದಂಗೆ ಕಾಯ್ತಾವ್ನೆ ನಮ್ ಹೊಲವ."